ರಟ್ಟಿನೊಳಗಿನ ಹಾಳೆ

ಮಾರ್ಚ್ 3, ಸೋಮವಾರ

ಬರೆಯುವ ಚಟ ನನಗಿಲ್ಲ. ಬಲಗೈ ಬೆರಳುಗಳು ಮರಗಟ್ಟುತ್ತಿವೆ ಅಂತ ಡಾಕ್ಟರ ಹತ್ತಿರ ಹೋದರೆ, ಮಾತ್ರೆ ಕೊಡುವುದು ಬಿಟ್ಟು, "ದಿನಾ ಒಂದಷ್ಟು ಬರೀರಿ ಅಜ್ಜಿ, ಬೆರಳು ಸಡಿಲ ಆಗುತ್ತೆ" ಅಂದ. ಏನು ಬರೆಯಲಿ ಅಂದೆ. "ಮನಸ್ಸಿಗೆ ಬಂದದ್ದು" ಅಂದ. ಮನಸ್ಸಿಗೆ ಬಂದದ್ದನ್ನು ಬರೆಯಿರಿ ಅಂತ ಈ ಕಾಲದಲ್ಲಿ ಯಾವ ಡಾಕ್ಟರು ಹೇಳುತ್ತಾನೆ? ಅವನ ಮೇಲೂ ನನಗೆ ಒಂದು ಕಣ್ಣಿದೆ.

ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಅಕ್ಷರ ಬರುತ್ತದೆ, ಅಷ್ಟೇ. ಪುಸ್ತಕಕ್ಕೆ ಹೊಲಿಗೆ ಹಾಕಿ ರಟ್ಟು ಕಟ್ಟುವುದು ನನ್ನ ಕಸುಬು. ಅದನ್ನು ಓದುವುದು ನನ್ನ ಕೆಲಸವಲ್ಲ. ಚಪ್ಪಲಿ ಹೊಲಿಯುವವನು ಅದನ್ನು ಮೆಟ್ಟಿಕೊಂಡು ಊರೆಲ್ಲ ಸುತ್ತಿ ಬರುತ್ತಾನೆಯೇ? ಕಾರ್ಖಾನೆಯಲ್ಲಿ ನನಗೆ ದಬ್ಬಳ ಅಂತ ಅಡ್ಡಹೆಸರು. ಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು, ಈಗ ಮುಖಕ್ಕೇ ಅನ್ನುತ್ತಾರೆ. ಚುಚ್ಚುವವಳಿಗೆ ಸರಿಯಾದ ಹೆಸರೇ.

ಇವತ್ತಿಂದ ಇಲಾಖೆಯ ಹೊಸ ಕೆಲಸ. ಜನ ತಮ್ಮ ಹಳೇ ಪುಸ್ತಕಗಳನ್ನು ತಂದು ಕೊಡಬೇಕು, ನಾವು ಪುಕ್ಕಟೆ ದುರಸ್ತಿ ಮಾಡಿ ವಾಪಸು ಕೊಡಬೇಕು. ಹೊರಗೆ ಹೇಳುವುದು ಅಷ್ಟು. ಒಳಗೆ ಮಾಡುವುದು ಬೇರೆ. ರಟ್ಟು ಬಿಚ್ಚಿ ಹಳೇ ಹೊಟ್ಟೆ, ಅಂದರೆ ಒಳಗಿನ ಹಾಳೆಗಳ ಕಟ್ಟು, ತೆಗೆದು, ಪ್ರೆಸ್ಸಿನಿಂದ ಬಂದ ಹೊಸ ಹೊಟ್ಟೆಯನ್ನು ಅದೇ ರಟ್ಟಿಗೆ ಹೊಲಿಯಬೇಕು. ಹೊಸ ಕಾಗದವನ್ನು ಚಹಾ ನೀರಿನಲ್ಲಿ ಅದ್ದಿ ಹಳದಿ ಮಾಡಿ ಕಳಿಸುತ್ತಾರೆ. ರಟ್ಟಿನ ಮೇಲಿನ ಎಣ್ಣೆ ಕಲೆ, ಒಡೆಯನ ಹೆಸರು, ಮಕ್ಕಳು ಗೀಚಿದ್ದು ಎಲ್ಲ ಇದ್ದ ಹಾಗೇ. ಮನೆಗೆ ಒಯ್ದವನಿಗೆ ತನ್ನದೇ ಪುಸ್ತಕ. ಹಳೇ ಹೊಟ್ಟೆಗಳು ಚೀಲಕ್ಕೆ, ಚೀಲ ಕಾಗದದ ಮಿಲ್ಲಿಗೆ.

ಹೊಟ್ಟೆಯಲ್ಲಿ ಏನು ಬದಲಾಗಿದೆ ಅಂತ ನನ್ನನ್ನು ಕೇಳಬೇಡಿ. ಹೊಲಿಗೆ ನೇರವಾಗಿದೆಯೇ ಕೇಳಿ.

ಮಾರ್ಚ್ 5, ಬುಧವಾರ

ನನ್ನ ಮೇಜಿನ ಪಕ್ಕಕ್ಕೆ ಒಬ್ಬಳನ್ನು ತಂದು ಕೂರಿಸಿದ್ದಾರೆ. ಮೊದಲು ಟೀಚರಾಗಿದ್ದಳಂತೆ. ಪಾಠ ಮಾಡುತ್ತಿದ್ದವಳನ್ನು ದಾರ ಪೋಣಿಸಲು ಯಾಕೆ ಕಳಿಸಿದರು? ಏನೋ ಮಾಡಿಕೊಂಡೇ ಬಂದಿರಬೇಕು. ಇಲ್ಲವಾದರೆ ನಮ್ಮ ಮೇಲೆ ಕಣ್ಣಿಡಲು ಬಂದಿರಬೇಕು. ಎರಡರಲ್ಲಿ ಒಂದು.

"ದೊಡ್ಡಮ್ಮ, ಗಂಟು ಹೀಗೆ ಹಾಕೋದಾ?" ಅಂದಳು.

"ನಾನು ನಿನಗೆ ಯಾವ ಕಡೆಯಿಂದ ದೊಡ್ಡಮ್ಮ?" ಅಂದೆ.

ಅಂಟು ಕುದಿಸುವ ಮುದುಕ ನನ್ನ ಓರಗೆಯವನು, ಅವನ ಬಾಯಿ ಸುಮ್ಮನಿರುವುದಿಲ್ಲ. "ಟೀಚರಮ್ಮ, ಆ ದಬ್ಬಳಕ್ಕನ್ನ ಮಾತಾಡಿಸೋದಾದ್ರೆ ಮೊದಲು ಬೆರಳಿಗೆ ಬಟ್ಟೆ ಸುತ್ಕೊಳ್ಳಿ" ಅಂತ ಒಲೆಯ ಕಡೆಯಿಂದ ಕೂಗಿದ. ಅವಳು ನಕ್ಕಳು. ಬಂದ ಮೊದಲ ದಿನವೇ ನಗುವವರನ್ನು ನಂಬಬಾರದು.

ಮಾರ್ಚ್ 11, ಮಂಗಳವಾರ

ಮೈಯೆಲ್ಲ ಉರಿದುಹೋಯಿತು ಇವತ್ತು. ಪ್ರೆಸ್ಸಿನಿಂದ ಬರುವ ಹೊಟ್ಟೆಗಳೆಲ್ಲ ತೆಳ್ಳಗೆ. ಒಂದೊಂದು ಪುಸ್ತಕದಲ್ಲಿ ಹಳೇದಕ್ಕಿಂತ ಬೆರಳಿನಷ್ಟು ತೆಳ್ಳಗೆ! ಇಷ್ಟಗಲ ಬೆನ್ನಿನ ರಟ್ಟಿನೊಳಗೆ ಇಷ್ಟೇ ಇಷ್ಟು ಕಾಗದ ಇಟ್ಟರೆ, ಜ್ವರದಿಂದ ಎದ್ದವನಿಗೆ ಮದುವೆಯ ಅಂಗಿ ತೊಡಿಸಿದ ಹಾಗೆ ಲೊಳಲೊಳ. ನನ್ನ ಕೈಯಿಂದ ಅಂಥ ಪುಸ್ತಕ ಹೊರಗೆ ಹೋಗುವುದಿಲ್ಲ.

ಅದಕ್ಕೆ ಒತ್ತು ಕೊಡಬೇಕು. ರಟ್ಟಿನ ಒಳಮೈಗೆ ರದ್ದಿ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ದಪ್ಪ ಮಾಡಿ, ಮೇಲೆ ಬಿಳಿ ಕಾಗದ ಮುಚ್ಚಿಬಿಟ್ಟರೆ ಸರಿ, ಪುಸ್ತಕ ಗಟ್ಟಿಯಾಗಿ ಕೂರುತ್ತದೆ. ನನ್ನ ಅತ್ತೆ ಕಲಿಸಿದ ಕೆಲಸ. ಇಲ್ಲಿ ಮಿಕ್ಕವರು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ, ಹೊಲಿದು ಬಿಸಾಕುತ್ತಾರೆ.

ಟೀಚರ್ ನನ್ನ ಕೈಯನ್ನೇ ನೋಡುತ್ತ ಕೂತಿದ್ದಳು. "ದೊಡ್ಡಮ್ಮ, ಹಾಳೆ ನೋಡಿ ಹಾಕ್ತೀರಾ, ಸುಮ್ನೆ ಹಾಕ್ತೀರಾ?" ಅಂತ ಮೆಲ್ಲಗೆ ಕೇಳಿದಳು.

"ಕೈಗೆ ಸಿಕ್ಕಿದ್ದು ಹಾಕ್ತೀನಿ. ಯಾಕೆ?"

"ಹಾಗೇ ಹೇಳ್ಬೇಕು" ಅಂತ ತಲೆ ಬಗ್ಗಿಸಿ ನಕ್ಕಳು. ಏನದು ಹಾಗೇ ಹೇಳಬೇಕು? ನನ್ನ ಬಾಯಿಂದ ಏನು ಹೊರಡಿಸಲು ನೋಡುತ್ತಿದ್ದಾಳೆ?

ಮಾರ್ಚ್ 14, ಶುಕ್ರವಾರ

ಬಾಗಿಲ ಪಕ್ಕದ ಹಲಗೆಯ ಮೇಲೆ ವಿಶ್ರಾಂತಿಗೆ ಕಳಿಸಿದ ಪದಗಳನ್ನು ಬರೆಯುತ್ತಾರೆ. ಅದರಲ್ಲಿ ಬಂದ ಪದವನ್ನು ಯಾರೂ ಆಡುವ ಹಾಗಿಲ್ಲ. ಇರಬೇಕಾದಷ್ಟು ಇಲ್ಲ ಅನ್ನುವುದಕ್ಕೆ ಇದ್ದ ಪದಗಳನ್ನೆಲ್ಲ ಹೋದ ವರ್ಷವೇ ವಿಶ್ರಾಂತಿಗೆ ಕಳಿಸಿದರು. ನಾನೂ ಅವನ್ನು ಇಲ್ಲಿ ಬರೆಯುವುದಿಲ್ಲ. ಯಾಕೆ ಬೇಕು ಇಲ್ಲದ ಉಸಾಬರಿ.

ಇವತ್ತು ಆ ಪದ ಬೇಕಾಗಿ ಬಂದು ನಮ್ಮ ಮೇಲ್ವಿಚಾರಕ ಪಟ್ಟ ಪಾಡು! ಅವನು ಚಿಕ್ಕ ವಯಸ್ಸಿನವನು, ಕುತ್ತಿಗೆಯಲ್ಲಿ ಸದಾ ಒಂದು ಸೀಟಿ. ನಾವು ಅವನನ್ನೇ ಸೀಟಿ ಅನ್ನುತ್ತೇವೆ. ಸೀಟಿ ಊದಿ ಎಲ್ಲರನ್ನೂ ನಿಲ್ಲಿಸಿದ. ತೆಗೆದ ಹೊಟ್ಟೆಗಳ ತೂಕ ಎಷ್ಟಿರಬೇಕೋ ಅಷ್ಟು ಚೀಲದಲ್ಲಿ ಇಲ್ಲ.

"ತೂಕ... ತೂಕ ಇನ್ನೂ ಪೂರ್ತಿಯಾಗಿ ಬಂದು ತಲುಪಿಲ್ಲ" ಅಂದ.

"ಯಾಕಂತೆ ಸ್ವಾಮಿ, ಬಸ್ ತಪ್ಪಿತಾ?" ಅಂದ ಅಂಟಿನವನು.

ಯಾರೂ ನಗಲಿಲ್ಲ. ಸೀಟಿಯ ಮುಖ ಹುಳ್ಳಗಾಯಿತು. "ಹಾಳೆ ಕದ್ದು ಹೊರಗೆ ಒಯ್ಯೋರು ಇದ್ದಾರೆ. ಹಳೇ ಹಾಳೆ ಯಾರಾದ್ರೂ ತಗೊಂಡಿದ್ದೀರಾ?" ಒಬ್ಬೊಬ್ಬರನ್ನೇ ಕೇಳಿದ. ನನ್ನ ಹತ್ತಿರ ಬಂದಾಗ, "ನನ್ನನ್ನ ಕೇಳ್ತೀಯೇನೋ? ಹಾಳೆ ತಗೊಂಡು ನಾನೇನು ತಲೆಗೆ ಸುತ್ತಿಕೊಳ್ಳಲಾ?" ಅಂದೆ. ಬಾಯಿ ಮುಚ್ಚಿಕೊಂಡು ಮುಂದೆ ಹೋದ.

ಟೀಚರನ್ನು ಕೇಳಿದಾಗ ಅವಳು ಉತ್ತರ ಹೇಳುವ ಮೊದಲು ನನ್ನ ಕಡೆ ನೋಡಿದಳು. ನಾನು ಗಮನಿಸಿದೆ.

ಮಾರ್ಚ್ 18, ಮಂಗಳವಾರ

ಅವಳ ಮೇಲೆ ಕಣ್ಣಲ್ಲಿ ಕಣ್ಣಿಟ್ಟಿದ್ದೇನೆ. ಹಳೇ ಹೊಟ್ಟೆ ಚೀಲಕ್ಕೆ ಹಾಕುವ ಮುಂಚೆ ಓದುತ್ತಾಳೆ. ತುಟಿ ಅಲ್ಲಾಡುತ್ತದೆ. ಒಮ್ಮೆ ಒಂದು ಹಾಳೆಯ ಮೂಲೆ ಮಡಿಸಿದಳು. ಮತ್ತೆ ಹೊರಗೆ ಹೋಗಿ ಬಂದಳು. ಬಂದಾಗ ಕೈ ಖಾಲಿ. ಹೋಗುವಾಗ ಖಾಲಿಯಿತ್ತೋ ಇಲ್ಲವೋ ನಾನು ನೋಡಲಿಲ್ಲ, ಅದೊಂದು ತಪ್ಪಿತು.

ಅವಳನ್ನು ನೋಡಿಕೊಂಡೇ ನಾನೂ ಇವತ್ತು ಒಂದನ್ನು ಓದಿಬಿಟ್ಟೆ. ಮಕ್ಕಳ ಕಥೆ, ಚಿತ್ರ ಇತ್ತು. ಒಬ್ಬ ರಾಜ ಬಾವಿ ತೋಡಿಸಿದ, ನೀರು ಬೀಳಲಿಲ್ಲ. ರಾಜನಿಗೆ ಹೇಳುವವರು ಯಾರು? ಊರಿನವರೆಲ್ಲ ಖಾಲಿ ಕೊಡವನ್ನು ತುಂಬಿದ ಕೊಡದ ಹಾಗೆ ಬಾಗಿ ಬಾಗಿ ಹೊತ್ತುಕೊಂಡು ಹೋದರು. ಒಬ್ಬ ಹೆಂಗಸು ಮಾತ್ರ ರಾಜನ ಮುಂದೆ ಕೊಡ ಮಗುಚಿ ತೋರಿಸಿದಳು. ಹೊಸ ಹೊಟ್ಟೆಯಲ್ಲಿ ಆ ಕಥೆ ಹುಡುಕಿದೆ. ಬಾವಿ ಇದೆ, ರಾಜ ಇದ್ದಾನೆ, ಕೊಡಗಳು ಇವೆ. ಹೆಂಗಸು ಇಲ್ಲ. ನೀರು ಬಂತು ಅಂತ ಮುಗಿಸಿದ್ದಾರೆ.

ನನಗೇನು. ಆದರೆ ಆ ಹೆಂಗಸನ್ನು ತೆಗೆದರೆ ಅದು ಕಥೆ ಹೇಗಾಯಿತು? ಬಾವಿ ತೋಡಿದ ಲೆಕ್ಕವಾಯಿತು, ಅಷ್ಟೇ.

ಆ ಪುಸ್ತಕವೂ ಲೊಳಲೊಳ ಅನ್ನುತ್ತಿತ್ತು. ದಪ್ಪನಾಗಿ ಒತ್ತು ಕೊಟ್ಟು ಕೂರಿಸಿದೆ.

ಮಾರ್ಚ್ 20, ಗುರುವಾರ

ಸೀಟಿ ನನ್ನನ್ನು ತನ್ನ ಕೋಣೆಗೆ ಕರೆದು ಕುರ್ಚಿ ಹಾಕಿದ. ಚಹಾ ತರಿಸಿದ. "ಅಜ್ಜಿ, ನಿಮ್ಮ ಕಣ್ಣು ತಪ್ಪಿಸಿ ಇಲ್ಲಿ ಒಂದು ಇರುವೆನೂ ಹೋಗಲ್ಲ. ನಿಮಗೆ ಯಾರ ಮೇಲಾದ್ರೂ ಅನುಮಾನ ಇದೆಯಾ?"

ನನ್ನ ಕಣ್ಣನ್ನು ಯಾರಾದರೂ ಹೊಗಳಿ ಎಷ್ಟೋ ಕಾಲವಾಗಿತ್ತು.

ಕಂಡದ್ದನ್ನು ಹೇಳಿದೆ. ತುಟಿ ಅಲ್ಲಾಡುವುದು, ಮೂಲೆ ಮಡಿಸಿದ್ದು, ಹೊರಗೆ ಹೋಗಿ ಬಂದದ್ದು. ಸುಳ್ಳು ಒಂದು ಅಕ್ಷರವೂ ಸೇರಿಸಲಿಲ್ಲ. ಅವನು ಬರೆದುಕೊಂಡ.

ಮಾರ್ಚ್ 21, ಶುಕ್ರವಾರ

ಟೀಚರನ್ನು ಕರೆದುಕೊಂಡು ಹೋದರು. ಇಬ್ಬರು ಬಂದಿದ್ದರು, ಗಲಾಟೆ ಇಲ್ಲ. ವಿಶ್ರಾಂತಿಗೆ ಕಳಿಸಿದ್ದಾರಂತೆ. ಊರಾಚೆ ಮಾತು ತಿದ್ದುವ ಮನೆ ಇದೆಯಲ್ಲ, ಅಲ್ಲಿಗೆ.

ಅರ್ಧ ಹೊಲಿದಿದ್ದ ಪುಸ್ತಕದಿಂದ ಸೂಜಿ ನೇತಾಡುತ್ತಿತ್ತು. ನಾನೇ ಮುಗಿಸಿದೆ. ಹೊಲಿಗೆ ಚೆನ್ನಾಗಿಯೇ ಹಾಕಿದ್ದಳು. ಅದು ಬೇರೆ ಸಿಟ್ಟು ಬರಿಸಿತು.

ಮಾರ್ಚ್ 26, ಬುಧವಾರ

ಕೈ ಊದಿಕೊಂಡು ಸೋಮವಾರದಿಂದ ಮನೆಯಲ್ಲಿದ್ದೇನೆ. ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಮುಲಾಮು ತಂದಳು. ಹಚ್ಚುತ್ತ, "ನಿಮ್ಮಲ್ಲಿ ಒಬ್ಬಳು ಹೋದಳಂತೆ, ಹೌದಾ?" ಅಂದಳು.

"ನಿನಗೆ ಯಾರು ಹೇಳಿದ್ದು?"

"ಅಂಗಡೀಲಿ ಮಾತಾಡ್ಕೊಳ್ತಿದ್ರು. ಯಾರೋ ಪಕ್ಕದಲ್ಲಿ ಕೂತೋಳೇ ಚಾಡಿ ಹೇಳಿದ್ಲಂತೆ. ಅದ್ಯಾವ ಪಾಪಿನೋ."

"ಮುಲಾಮು ಸಾಕು" ಅಂದು ಕೈ ಎಳೆದುಕೊಂಡೆ.

ಇವಳಿಗೆ ಗೊತ್ತಿದ್ದೇ ಕೇಳಿದಳೇ? ಹೆತ್ತ ಮಗಳ ಮುಖ ನೋಡಿ ಇದು ಬಲೆಯೋ ಪ್ರೀತಿಯೋ ಅಂತ ತೂಗುವ ಹಾಗಾಯಿತು.

ಮಾರ್ಚ್ 31, ಸೋಮವಾರ

ಕೆಲಸಕ್ಕೆ ಹೋದೆ. ಸೀಟಿ ಎದುರಿಗೇ ಬಂದ. ಹೋದ ವಾರವಿಡೀ ತೂಕ ಸರಿಯಾಗಿ ಬಂದಿತಂತೆ. "ನೋಡಿ ಅಜ್ಜಿ, ಆಯಮ್ಮ ಹೋಗಿದ್ದೇ ಹೋಗಿದ್ದು, ಎಲ್ಲ ಸರಿಹೋಯ್ತು. ನಿಮ್ಮ ಕಣ್ಣಿಗೆ ಶರಣು!" ಮೇಲಿನವರಿಗೆ ಹಾಗೇ ಬರೆದು ಕಳಿಸಿದ್ದಾನೆ. ಅವನಿಗೆ ಬಡ್ತಿಯ ಮಾತೂ ಇದೆಯಂತೆ.

ಎದೆಯ ಮೇಲಿನ ಕಲ್ಲು ಇಳಿಯಿತು. ಕಳ್ಳಿ ಕಳ್ಳಿಯೇ. ನಾನು ಹೇಳಿದ್ದರಲ್ಲಿ ಏನು ತಪ್ಪು?

ಆದರೆ ಸಂಜೆ ತೂಗಿದಾಗ ಮತ್ತೆ ತೂಕ ಬಂದು ತಲುಪಲಿಲ್ಲ. ಹಾಗಾದರೆ ಇನ್ನೊಬ್ಬರು ಇದ್ದಾರೆ. ಅಂಟಿನವನೇ? ನಗಿಸುವವರ ಒಳಗು ಯಾರಿಗೆ ಗೊತ್ತು. ನಾಳೆಯಿಂದ ಅವನನ್ನು ನೋಡಿಕೊಳ್ಳುತ್ತೇನೆ.

ಏಪ್ರಿಲ್ 2, ಬುಧವಾರ

ಎರಡು ದಿನ ಎಲ್ಲರ ಕೈಯನ್ನೂ ನೋಡಿದೆ. ಅಂಟಿನವನ ಕೈ ಅಂಟಿನ ಡಬ್ಬಿ ಬಿಟ್ಟು ಆಚೀಚೆ ಹೋಗಲಿಲ್ಲ. ಕತ್ತರಿಸುವವಳ ಕೈ ಯಂತ್ರದ ಮೇಲೆ. ಹೊಲಿಯುವವರ ಕೈ ಸೂಜಿಯ ಮೇಲೆ. ಮಧ್ಯಾಹ್ನ ಹೀಗೇ ಬಾಗಿಲ ಕಡೆ ನೋಡುತ್ತಿದ್ದೆ. ಪಕ್ಕದಲ್ಲಿ ಪರಪರ ಸದ್ದಾಯಿತು. ಒಂದು ಕೈ ಚೀಲದೊಳಗೆ ಇಳಿದು ಒಂದು ಹಿಡಿ ಹಳೇ ಹಾಳೆ ಎತ್ತಿಕೊಂಡಿತು.

ಯಾರದೆಂದು ನೋಡಿದರೆ ನನ್ನದು.

ಒತ್ತಿಗೆ.

ಅದನ್ನು ಹಾಳೆ ಅಂತ ನಾನು ಒಂದು ದಿನವೂ ಅಂದುಕೊಂಡವಳಲ್ಲ. ಅಂಟು ಸವರಿದ ಮೇಲೆ ಅದು ಹಾಳೆಯಲ್ಲ, ಒತ್ತು. ನಲವತ್ತು ವರ್ಷದಿಂದ ಒತ್ತು. ಹಳೇ ಹಾಳೆ ತಗೊಂಡಿದ್ದೀರಾ ಅಂತ ಕೇಳಿದಾಗ ಇಲ್ಲ ಅಂದದ್ದು ದೇವರಾಣೆಗೂ ನಿಜ. ನಾನು ಮನೆಯಲ್ಲಿದ್ದ ವಾರ ತೂಕ ಸರಿಹೋಯಿತು. ಬಂದ ದಿನ ತಪ್ಪಿತು. ಸಣ್ಣ ಮಗುವಿಗೂ ತಿಳಿಯುವ ಲೆಕ್ಕ ನನ್ನ ಈ ಸುಟ್ಟ ಕಣ್ಣಿಗೆ ಕಾಣಲಿಲ್ಲ.

ಎಷ್ಟು ಪುಸ್ತಕ ಹೋಗಿದೆಯೋ. ಪ್ರತಿಯೊಂದರ ರಟ್ಟಿನೊಳಗೂ, ಆಗಷ್ಟೇ ಚೀಲದ ಮೇಲೆ ಬಿದ್ದ, ಅದೇ ಪುಸ್ತಕದ ಹಳೇ ಹೊಟ್ಟೆಯ ಚೂರು ಕೂತಿದೆ. ಆ ಕೊಡದ ಹೆಂಗಸೂ ಯಾರದೋ ಮನೆಯಲ್ಲಿ ಬಿಳಿ ಕಾಗದದ ಹಿಂದೆ ಕೂತಿದ್ದಾಳೆ.

ಇನ್ನು ಬರೆಯಲಾರೆ.

ಏಪ್ರಿಲ್ 3, ಗುರುವಾರ

ಮಗಳಿಗೆ ಎಲ್ಲ ಹೇಳಿದೆ. ಚಾಡಿ ಹೇಳಿದವಳು ನಾನೇ ಅನ್ನುವುದನ್ನೂ. ಅವಳು ಎದ್ದು ಬಾಗಿಲ ಚಿಲಕ ಹಾಕಿದಳು. ಆಮೇಲೆ ಕಿಟಕಿ ಮುಚ್ಚಿ ಬಂದಳು.

"ಅಮ್ಮ, ಬಾಯಿ ಬಿಡಬೇಡ. ಆಗಿದ್ದು ಆಯ್ತು. ಒತ್ತು ಹಾಕೋದು ನಿಲ್ಲಿಸಿಬಿಡು, ಯಾರಿಗೂ ಗೊತ್ತಾಗಲ್ಲ."

"ಅವಳು ಒಳಗಿದ್ದಾಳಲ್ಲೇ."

"ನೀನು ಹೇಳಿದ್ರೆ ನೀನೂ ಒಳಗಿರ್ತೀಯ. ಇಬ್ಬರೂ ಇರ್ತೀರ. ಅದರಿಂದ ಅವಳಿಗೇನು ಬಂತು?"

"ಅಂದ್ರೆ ಬಿಟ್ಟುಬಿಡ್ಲಾ?"

"ನಾನು ಒಬ್ಬಳೇ ಆಗ್ತೀನಮ್ಮ" ಅಂದಳು. ಬೈದು ಮಲಗಿಸಿದೆ. ಬೈಯುವುದೊಂದು ಚೆನ್ನಾಗಿ ಬರುತ್ತದೆ ನನಗೆ.

ಏಪ್ರಿಲ್ 4, ಶುಕ್ರವಾರ

ಹೇಳಿದೆ. ಸೀಟಿಯ ಕೋಣೆಗೆ ಹೋಗಿ, ನಿಂತುಕೊಂಡೇ ಹೇಳಿದೆ. ಒಂದು ರಟ್ಟು ಒಯ್ದು ಒಳಗಿನದನ್ನು ಕಿತ್ತು ತೋರಿಸಿದೆ.

ಅವನು ಧಡಕ್ಕನೆ ಎದ್ದ. ಬಾಗಿಲು ಹಾಕಿದ. "ಅಜ್ಜಿ, ನಿಮಗೆ ಹುಷಾರಿಲ್ಲ."

"ನನಗೆ ಏನೂ ಆಗಿಲ್ಲ ಕಣೋ. ಅವಳನ್ನ ಬಿಡಿಸು."

"ನಾನು ಬರೆದು ಕಳಿಸಿಬಿಟ್ಟಿದ್ದೀನಿ. ಕಳ್ಳಿ ಸಿಕ್ಕಿದ್ಲು, ತೂಕ ಸರಿಹೋಯ್ತು ಅಂತ. ಈಗ ಇಲ್ಲ ಅಂದ್ರೆ ನನ್ನನ್ನ ಏನು ಮಾಡ್ತಾರೆ ಗೊತ್ತಾ? ನನಗೂ ತಾಯಿ ಇದ್ದಾಳೆ ಅಜ್ಜಿ. ಇನ್ಮೇಲೆ ಹಾಕಬೇಡಿ, ಅಷ್ಟು ಸಾಕು. ನಾನು ಏನೂ ಕೇಳಿಲ್ಲ, ನೀವು ಏನೂ ಹೇಳಿಲ್ಲ."

ಕೈ ಮುಗಿದ. ಸೀಟಿ ಕುತ್ತಿಗೆಯಲ್ಲಿ ಅಲ್ಲಾಡುತ್ತಿತ್ತು. ಅವನಿಗೆ ನಾಲ್ಕು ಬಾರಿಸಬೇಕು ಅನ್ನಿಸಿತು, ಹಾಗೇ ಅಯ್ಯೋ ಅಂತಲೂ ಅನ್ನಿಸಿತು.

ದಾರಿಯಲ್ಲಿ ಯೋಚಿಸಿದೆ. ನಾನು ಒತ್ತು ನಿಲ್ಲಿಸಿದರೆ ತೂಕ ಸರಿಹೋಗುತ್ತದೆ. ತೂಕ ಸರಿಹೋದರೆ ಅವಳೇ ಕಳ್ಳಿ ಅಂತಾಗುತ್ತದೆ. ನಿಲ್ಲಿಸದಿದ್ದರೆ? ಅವಳಿಲ್ಲದಾಗಲೂ ದಿನಾ ಕೊರತೆ (ಬರೆದೇಬಿಟ್ಟೆ ಆ ಪದವನ್ನು) ಬೀಳುತ್ತಿದ್ದರೆ ಕದ್ದದ್ದು ಅವಳಲ್ಲ ಅಂತ ತಕ್ಕಡಿಯೇ ಹೇಳಬೇಕಲ್ಲ.

ನಿಲ್ಲಿಸುವುದಿಲ್ಲ.

ಏಪ್ರಿಲ್ 10, ಗುರುವಾರ

ಸೀಟಿ ಭಾರಿ ಬುದ್ಧಿವಂತ. ಚೀಲಗಳು ತಕ್ಕಡಿಗೆ ಹೋಗುವ ಮುಂಚೆ ನೀರು ಚಿಮುಕಿಸಲು ಅಂಟಿನವನಿಗೆ ಹೇಳಿದ್ದಾನೆ. ಧೂಳು ಏಳಬಾರದಂತೆ. ಒದ್ದೆ ಕಾಗದ ತೂಗುತ್ತದೆ, ಕೊರತೆ ತುಂಬಿಹೋಗುತ್ತದೆ.

ಅವನು ಒಂದು ತಂಬಿಗೆ ಹಾಕಿಸಿದರೆ ನಾನು ಎರಡು ಹಿಡಿ ಹೆಚ್ಚು ಒತ್ತು ಕೊಟ್ಟೆ. ಅವನು ಬಕೆಟ್ ತರಿಸಿದ. ನಾನು ಸಡಿಲವಿಲ್ಲದ ಪುಸ್ತಕಕ್ಕೂ ತುರುಕಿದೆ. ಈಗ ನಮ್ಮ ಪುಸ್ತಕಗಳು ಉಂಡು ಮಲಗಿದವರ ಹಾಗೆ ಉಬ್ಬಿವೆ, ಚೀಲಗಳಿಂದ ನೀರು ತೊಟ್ಟಿಕ್ಕುತ್ತಿದೆ. ಅಂಟಿನವನು ನನ್ನನ್ನೂ ನೋಡಿದ, ಅವನನ್ನೂ ನೋಡಿದ.

"ದಬ್ಬಳಕ್ಕ, ಇದು ಕಾರ್ಖಾನೆನೋ ಬಟ್ಟೆ ಒಗೆಯೋ ಕಲ್ಲೋ?"

"ನಿನಗೆ ಏನು ಗೊತ್ತು?"

"ನನಗೆ ಏನೂ ಗೊತ್ತಿಲ್ಲಕ್ಕ. ಅಂಟು ಮಾತ್ರ ದಿನಾ ಇನ್ನೊಂದು ಪಾತ್ರೆ ಜಾಸ್ತಿ ಬೇಯಿಸ್ತಿದ್ದೀನಿ." ಹೇಳಿ ಕೆಮ್ಮಿ ಹೋದ. ನಾನು ಕಳ್ಳ ಅಂದುಕೊಂಡಿದ್ದು ಇವನನ್ನು.

ಏಪ್ರಿಲ್ 15, ಮಂಗಳವಾರ

ಮಿಲ್ಲಿನವರು ದೂರು ಕೊಟ್ಟಿದ್ದಾರೆ. ಕಾಗದ ಕೊಳೆತು ನಾರುತ್ತಿದೆಯಂತೆ. ಇಲಾಖೆಯಿಂದ ಒಬ್ಬ ಸಾಹೇಬ ಬಂದ. ದನಿ ಎತ್ತದ ಮನುಷ್ಯ. ಚೀಲಗಳನ್ನೆಲ್ಲ ಅಂಗಳದಲ್ಲಿ ಸುರಿಸಿ, ಹಾಳೆಗಳನ್ನು ಬಿಸಿಲಿಗೆ ಹರಡಿಸಿ, ಒಣಗುವವರೆಗೂ ಕುರ್ಚಿ ಹಾಕಿಕೊಂಡು ಕೂತ. ಆಮೇಲೆ ತೂಗಿಸಿದ. ತಕ್ಕಡಿಯ ಮುಳ್ಳು ಅರ್ಧಕ್ಕೇ ನಿಂತಿತು.

"ಯಾರು?" ಅಂದ ಸಾಹೇಬ.

"ಆ ಟೀಚರ್ ಸಾರ್" ಅಂದ ಸೀಟಿ.

"ಆಕೆ ಹೋಗಿ ಎಷ್ಟು ದಿನ ಆಯ್ತು?"

ಸೀಟಿಯ ಕಣ್ಣು ಎಲ್ಲರ ಮೇಲೂ ಹಾದು, ಬಕೆಟ್ ಹಿಡಿದು ನಿಂತಿದ್ದ ಅಂಟಿನವನ ಮೇಲೆ ನಿಂತಿತು. ಬಾಯಿ ತೆರೆದ.

"ಅವನ ಮುಖ ಏನೋ ನೋಡ್ತೀ? ನಾನು ಇಲ್ಲಿದ್ದೀನಿ" ಅಂದೆ.

ಒಂದು ಪುಸ್ತಕ ತಗೊಂಡು ಸಾಹೇಬನ ಮುಂದೆ ರಟ್ಟಿನ ಒಳಮೈ ಕಿತ್ತೆ. ಹಳೇ ಹಾಳೆಗಳು ಈರುಳ್ಳಿಯ ಸಿಪ್ಪೆಯ ಹಾಗೆ ಬಂದವು. ಸಾಹೇಬ ಒಂದನ್ನು ಓದಿದ. ಇನ್ನೊಂದನ್ನೂ ಓದಿದ.

"ಇಂಥವು ಎಷ್ಟು ಹೊರಗೆ ಹೋಗಿವೆ?"

"ನಾನು ಕಟ್ಟಿದ್ದೆಲ್ಲ."

ಅವನು ಪುಸ್ತಕ ಮುಚ್ಚಿ ತನ್ನ ಚೀಲಕ್ಕೆ ಹಾಕಿಕೊಂಡ. ಎಲ್ಲರಿಗೂ ಕೇಳುವ ಹಾಗೆ, "ಇಲ್ಲಿ ನಡೀತಿರೋದು ದುರಸ್ತಿ. ಯಾವ ಪುಸ್ತಕದಿಂದಲೂ ಯಾವ ಹಾಳೆಯನ್ನೂ ತೆಗೆದಿಲ್ಲ. ತೆಗೆಯದ ಹಾಳೆ ಕಳುವಾಗೋದಿಲ್ಲ. ಎಲ್ಲರೂ ಕೆಲಸಕ್ಕೆ ಹೋಗಿ" ಅಂದ.

ಆಗ ಅರ್ಥವಾಯಿತು. ಹೋದ ಪುಸ್ತಕಗಳನ್ನು ವಾಪಸು ತರಿಸಬೇಕಾದರೆ ಯಾಕೆ ಅಂತ ಜನಕ್ಕೆ ಹೇಳಬೇಕು. ಹೇಳಿದರೆ ಹೊಟ್ಟೆ ಬದಲಾಯಿಸಿದ್ದು ತಾನಾಗಿ ಹೊರಗೆ ಬರುತ್ತದೆ. ಅವನ ಕೈ ಕಟ್ಟಿಹೋಗಿದೆ.

"ಹಾಗಿದ್ರೆ ಟೀಚರ್ ಯಾಕೆ ಒಳಗಿದ್ದಾಳೆ?" ಅಂದೆ.

"ಯಾವ ಟೀಚರ್?"

ನನ್ನ ಬಾಯಿ ನನಗಿಂತ ಮುಂದೆ. "ಕೇಳಿ ಸಾಹೇಬ್ರೇ. ಅವಳು ಮನೆಗೆ ಬರ್ಬೇಕು. ಬಂದ್ರೆ ನಾನು ಬಾಯಿಗೆ ಹೊಲಿಗೆ ಹಾಕ್ಕೊಂಡು ಕೂರ್ತೀನಿ. ಬರಲಿಲ್ಲ ಅಂದ್ರೆ ಮಾರ್ಕೆಟ್ ರಸ್ತೇಲಿ ನಿಂತು, ನಿಮ್ಮ ನಿಮ್ಮ ರಟ್ಟು ಬಿಚ್ಚಿ ನೋಡ್ಕೊಳ್ರೋ ಅಂತ ಕೂಗ್ತೀನಿ. ನನ್ನ ಗಂಟಲು ಹೇಗಿದೆ, ಇವರನ್ನ ಕೇಳಿ."

"ಜೋರಾಗಿದೆ ಸ್ವಾಮಿ" ಅಂದ ಅಂಟಿನವನು.

ಸಾಹೇಬ ತನ್ನ ಚೀಲದ ಬಾಯಿ ಕಟ್ಟಿದ. "ನೀವು ನಾಳೆಯಿಂದ ಬರೋದು ಬೇಡ" ಅಂದ.

ಏಪ್ರಿಲ್ 22, ಮಂಗಳವಾರ

ಯಾರೂ ಬಂದಿಲ್ಲ. ಎದುರು ಗೋಡೆಗೆ ಒರಗಿ ಒಬ್ಬ ನಿಂತಿರುತ್ತಾನೆ. ನಿನ್ನೆಯವನು ಬೇರೆ, ಇವತ್ತಿನವನು ಬೇರೆ. ಬಸ್ಸಿಗೆ ಕಾಯುವವರೂ ಇರಬಹುದು. ಬಸ್ಸು ಬಂದರೂ ಹತ್ತುವುದಿಲ್ಲ.

ನನ್ನನ್ನು ಎತ್ತಿಕೊಂಡು ಹೋದರೆ ಕೂಗುವವರು ಯಾರು ಅಂತ ಈಗ ಹೊಳೆಯುತ್ತಿದೆ. ಅಂಗಳದಲ್ಲಿ ಅಷ್ಟು ಜನ ಕೇಳಿದ್ದಾರಲ್ಲ, ಅದಕ್ಕೇ ಸುಮ್ಮನಿದ್ದಾರೋ ಏನೋ.

ಮಗಳು ಹೋಗುವಾಗ ಬರುವಾಗ ನನ್ನ ಕೈ ಮುಟ್ಟಿ ನೋಡುತ್ತಾಳೆ. ಊತ ಇಳಿದಿದೆ ಅಂದರೂ ಮುಟ್ಟುತ್ತಾಳೆ.

ಏಪ್ರಿಲ್ 29, ಮಂಗಳವಾರ

ಬೆಳಗ್ಗೆ ಬಾಗಿಲು ತಟ್ಟಿದರು. ಬಂದರು ಅಂದುಕೊಂಡು ಸೀರೆ ಸರಿಮಾಡಿಕೊಂಡು ತೆಗೆದೆ. ಟೀಚರ್ ನಿಂತಿದ್ದಳು. ಸಣ್ಣಗಾಗಿದ್ದಾಳೆ. ಒಂದೊಂದು ಮಾತಿಗೂ ಮುಂಚೆ ನಿಲ್ಲುತ್ತಾಳೆ, ಕಾಲಿಡುವ ಮುಂಚೆ ನೆಲ ನೋಡುವವರ ಹಾಗೆ.

ಕೂರಿಸಿದೆ. ನೀರು ಕೊಟ್ಟೆ.

"ನಿನ್ನೆ ಬಿಟ್ರು. ಯಾಕೆ ಅಂತ ಹೇಳಲಿಲ್ಲ" ಅಂದಳು. ಸ್ವಲ್ಪ ಹೊತ್ತಿನ ಮೇಲೆ, "ಒಂದು ಹೆಸರು ಹೇಳಿದ್ರೆ ಅವತ್ತೇ ಬಿಡ್ತೀವಿ ಅಂದಿದ್ರು."

"ಹೇಳಬೇಕಿತ್ತು!"

"ನಿಮ್ಮ ಹೆಸರನ್ನಾ?"

ನನ್ನ ಕೈಯಲ್ಲಿದ್ದ ತಂಬಿಗೆ ಅಲ್ಲೇ ನಿಂತಿತು.

"ಪಕ್ಕದಲ್ಲೇ ಕೂತಿದ್ನಲ್ಲ ದೊಡ್ಡಮ್ಮ. ನೀವು ರಟ್ಟಿನೊಳಗೆ ಹಾಳೆ ಇಡೋದನ್ನ ದಿನಾ ನೋಡ್ತಿದ್ದೆ. ಎಲ್ಲರ ಮುಂದೆ, ಹಗಲು ಹೊತ್ತಿನಲ್ಲಿ, ಸೀಟಿ ಮೂಗಿನ ಕೆಳಗೆ! ಎಂಥ ಗುಂಡಿಗೆ ಅಂದ್ಕೊಂಡೆ. ಅಲ್ಲಿ ಅವರು ಕೇಳ್ದಾಗೆಲ್ಲ ಅದನ್ನೇ ನೆನೆಸ್ಕೊಳ್ತಿದ್ದೆ. ಆ ವಯಸ್ಸಿನವರು ಮಾಡ್ತಿರುವಾಗ ನಾನು ಸುಮ್ಮನಿರೋಕಾದ್ರೂ ಆಗಲ್ವಾ ಅಂತ."

ಆ ಮಾತನ್ನು ಹಾಗೇ ಇಟ್ಟುಕೊಳ್ಳಬಹುದಿತ್ತು. ಇಟ್ಟುಕೊಳ್ಳಬೇಕು ಅಂತ ಆಸೆಯೂ ಆಯಿತು.

"ಗುಂಡಿಗೆಯೂ ಇಲ್ಲ ಮಣ್ಣೂ ಇಲ್ಲ" ಅಂದೆ. "ಪುಸ್ತಕ ಸಡಿಲ ಇತ್ತು, ತುರುಕಿದೆ. ನನಗೆ ಗೊತ್ತೇ ಇರಲಿಲ್ಲ. ನಿನ್ನ ಹೆಸರು ಕೊಟ್ಟಿದ್ದೂ ನಾನೇ."

ಅವಳು ನೀರು ಕುಡಿಯಲಿಲ್ಲ. ಲೋಟವನ್ನೇ ನೋಡುತ್ತ ಕೂತಳು. ಬೈಯಲಿ ಅಂತ ಕಾದೆ. ನನಗೆ ಬರುವಂಥ ಬೈಗುಳ ಅವಳಿಗೆ ಬರುವುದಿಲ್ಲ, ಗೊತ್ತು, ಆದರೂ ಕಾದೆ. ಎದ್ದಳು. ಬಾಗಿಲ ಹತ್ತಿರ ಹೋಗಿ ನಿಂತಳು.

"ಈಗ ಹೇಗೆ ಬಿಟ್ರು ನನ್ನನ್ನ?"

ಸಾಹೇಬನಿಗೆ ಹೇಳಿದ್ದನ್ನು ಹೇಳಿದೆ. ಅವಳು ಬಂದರೆ ನಾನು ಬಾಯಿ ಬಿಡುವುದಿಲ್ಲ ಅಂತ ಮಾತು ಕೊಟ್ಟದ್ದು.

"ಮಾತು ಕೊಟ್ಟಿದ್ದು ನೀವು" ಅಂದಳು.

"ಹೌದು."

"ನಾನು ಕೊಟ್ಟಿಲ್ಲ."

ಹೋದಳು. ಎದುರು ಗೋಡೆಯವನು ಅವಳನ್ನು ನೋಡಿದ, ನನ್ನನ್ನು ನೋಡಿದ. ನಾನು ಬಾಗಿಲು ಹಾಕಲಿಲ್ಲ, ಅವಳು ತಿರುವು ದಾಟುವವರೆಗೂ ಅವನಿಗೆ ಅಡ್ಡವಾಗಿ ಹೊಸ್ತಿಲ ಮುಂದೆ ರಸ್ತೆ ಗುಡಿಸುತ್ತ, ಅವನ ಕಾಲಿಗೆ ಧೂಳೆಬ್ಬಿಸುತ್ತ ನಿಂತೆ.

ಮೇ 9, ಶುಕ್ರವಾರ

ಮಗಳು ಅಂಗಡಿಯಿಂದ ಬೇಗ ಬಂದಳು. ಚಪ್ಪಲಿ ಬಿಡಲಿಲ್ಲ. ಮಾರ್ಚಿನಲ್ಲಿ ನನ್ನ ಕೈಯಲ್ಲೇ ದುರಸ್ತಿ ಮಾಡಿಸಿಕೊಂಡಿದ್ದ ತನ್ನ ಶಾಲೆಯ ಕಾಲದ ಪುಸ್ತಕವನ್ನು ಕಪಾಟಿನಿಂದ ತೆಗೆದು ರಟ್ಟನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದಳು.

"ಅಮ್ಮ, ತೆಳ್ಳನೆ ಚಾಕು ಇದೆಯಾ? ಅಂಗಡಿಗೆ ಬಂದ ಇಬ್ಬರು ಕೇಳಿದ್ರು. ನಮ್ಮ ಯಜಮಾನ್ರೂ ಕೇಳಿದ್ರು."

ಯಾಕೆ, ಯಾರು ಹೇಳಿದ್ದು, ಎಲ್ಲಿ ಕೇಳಿದೆ ಅಂತ ನಾನು ಒಂದನ್ನೂ ಕೇಳಲಿಲ್ಲ. ಬಾಯಿ ಬಿಡುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ.

ಚಾಕು ಕೊಟ್ಟೆ. ಅವಳು ಒಣ ರಟ್ಟಿಗೇ ಚಾಕು ಹಾಕಲು ಹೋದಳು, ಹಾಳೆ ಹರಿದುಹೋಗುತ್ತದೆ. ಕೈಯಿಂದ ಕಿತ್ತುಕೊಂಡು, ಬಟ್ಟೆ ಒದ್ದೆ ಮಾಡಿ ರಟ್ಟಿನ ಮೇಲೆ ಹಾಸಿ, ಅಂಟು ನೆನೆಯಲಿ ಅಂತ ಪಕ್ಕದಲ್ಲಿ ಕೂತೆ.